ಮೂರು ದಿನದ ಮೌನ

೨೦೪೧ನೇ ಇಸವಿ ಫೆಬ್ರುವರಿ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಧಾರವಾಡದ ನಮ್ಮ ಫಲವತ್ತತೆ ಕೇಂದ್ರಕ್ಕೆ ಹುಬ್ಬಳ್ಳಿಯಿಂದ ಒಂದು ಫೋನ್ ಬಂತು. ಬಂದ ಫೋನುಗಳ ಹೊತ್ತನ್ನು ಬರೆದಿಡುವುದು ಕೇಂದ್ರದ ನಿಯಮ. ಆದ್ದರಿಂದ ಇಷ್ಟು ಖಚಿತವಾಗಿ ಹೇಳಬಲ್ಲೆ. ಆ ಕಡೆ ಇದ್ದವರು ಡಾಕ್ಟರ್ ಜುಬೇದಾ ಕಿತ್ತೂರ. ಮಕ್ಕಳಾಗದ ದಂಪತಿಗಳಿಗೆ ಮೂವತ್ತು ವರ್ಷದಿಂದ ಚಿಕಿತ್ಸೆ ಕೊಡುತ್ತಿದ್ದವರು.

"ಮಂದಾಕಿನಿ ಅವರೇನ್ರೀ? ಕೈಪಟ್ಟಿಯ ಲೆಕ್ಕ ಮಾಡಿದವರು ನೀವ ಅಂತ ಹೇಳಿದ್ರು."

"ಹೌದ್ರಿ, ಹೇಳ್ರಿ."

"ಒಂದು ಪೇಶಂಟ್ ಅದಾಳ್ರಿ. ಆಕಿಗೆ ಕರೆ ಬಂದಿಲ್ಲ. ನಾನ ಕರದು ರಕ್ತ ತೆಗಿಸೀನಿ. ನಿಮ್ಮ ಪಟ್ಟಿ ಎಲ್ಲಾ ಛಲೋ ಐತಿ ಅಂತೈತಿ. ರಕ್ತ ಬ್ಯಾರೇನ ಹೇಳತೈತಿ. ಎರಡರಾಗ ಯಾವುದೋ ಒಂದು ಸುಳ್ಳ ಹೇಳತೈತಿ. ಯಾವುದು ಅಂತ ನೀವ ನೋಡಿ ಹೇಳ್ರಿ."

ಪಟ್ಟಿಯ ಸಂಖ್ಯೆ ಕೇಳಿದೆ. "ಧಾರವಾಡ, ನಾಲ್ಕುನೂರಾ ಹದಿನೇಳು" ಎಂದರು.

ಅದನ್ನು ಕಂಪ್ಯೂಟರಿಗೆ ಕೊಡುವ ಮೊದಲೇ ಅದು ಯಾರದೆಂದು ನನಗೆ ಗೊತ್ತಿತ್ತು. ಮೊದಲ ಸಾವಿರ ಪಟ್ಟಿಗಳನ್ನು ಸಿಬ್ಬಂದಿಯ ಮನೆಯವರಿಗೆಂದು ತೆಗೆದಿರಿಸಿದ್ದರು. ನಾಲ್ಕುನೂರಾ ಹದಿನೇಳನ್ನು ನನ್ನ ತಮ್ಮ ವಾದಿರಾಜನ ಹೆಂಡತಿ ಪ್ರಣತಿಯ ಕೈಗೆ ನಾನೇ ಕಟ್ಟಿದ್ದೆ.

ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ಹೇಳಬೇಕು. ತಪ್ಪು ಹೊಕ್ಕದ್ದು ಅಲ್ಲಿಂದಲೇ. ಅದು ಮಣಿಕಟ್ಟಿಗೆ ಕಟ್ಟಿಕೊಳ್ಳುವ, ಬೆರಳಗಲದ ಒಂದು ಬಟ್ಟೆಯ ತುಂಡು. ಒಳಗೆ ಚರ್ಮದ ಉಷ್ಣತೆ ಅಳೆಯುವ ಒಂದು ಬಿಂದು, ನಾಡಿ ಎಣಿಸುವ ಒಂದು ಸಣ್ಣ ದೀಪ, ಇಷ್ಟೇ. ಹೆಣ್ಣಿನ ದೇಹದಲ್ಲಿ ಅಂಡ ಬಿಡುಗಡೆಯಾದ ಮೇಲೆ ಉಷ್ಣತೆ ಡಿಗ್ರಿಯ ಮೂರನೇ ಒಂದು ಭಾಗದಷ್ಟು ಏರುತ್ತದೆ. ಮುಟ್ಟು ಬರುವ ಹೊತ್ತಿಗೆ ಇಳಿಯುತ್ತದೆ. ಈ ಏರಿಳಿತವನ್ನು ತಿಂಗಳುಗಟ್ಟಲೆ ನೋಡಿದರೆ ಅಂಡ ಬಿಡುಗಡೆಯಾಗುತ್ತಿದೆಯೇ, ಚಕ್ರ ಸರಿಯಾದ ಅಂತರದಲ್ಲಿ ಬರುತ್ತಿದೆಯೇ ಎಂದು ಹೇಳಬಹುದು. ಮಗು ಬೇಕೆಂದು ನಿರ್ಧರಿಸಿದ ದಿನ ಹೆಂಡತಿ ಪಟ್ಟಿ ಕಟ್ಟಿಕೊಳ್ಳುತ್ತಾಳೆ, ಗಂಡ ಆ ತಿಂಗಳಲ್ಲೇ ಒಮ್ಮೆ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳುತ್ತಾನೆ. ಮುಂದಿನದನ್ನೆಲ್ಲ ಕೇಂದ್ರ ನೋಡಿಕೊಳ್ಳುತ್ತದೆ. ಸಹಾಯ ಬೇಕಾದ ಹೊತ್ತು ಬಂದಾಗ ಇಬ್ಬರ ಫೋನಿಗೂ ಒಂದೇ ಸಾಲಿನ ಸಂದೇಶ ಹೋಗುತ್ತದೆ: ದಯವಿಟ್ಟು ವೈದ್ಯರನ್ನು ಕಾಣಿ. ಜನ ಅದನ್ನು 'ಕರೆ' ಎಂದರು.

ಅದಕ್ಕೆ ಮೊದಲು ವೈದ್ಯರ ಬಳಿ ಒಂದು ಸರಳ ನಿಯಮವಿತ್ತು. ಮೂವತ್ತೈದಕ್ಕಿಂತ ಚಿಕ್ಕವಳಾದರೆ ಒಂದು ವರ್ಷ ಪ್ರಯತ್ನಿಸಿ ನೋಡಿ, ಮೂವತ್ತೈದು ದಾಟಿದ್ದರೆ ಆರು ತಿಂಗಳು. ಮುಟ್ಟು ಕ್ರಮ ತಪ್ಪಿದ್ದರೆ ಕಾಯಲೇಬೇಡಿ, ತಕ್ಷಣ ಬನ್ನಿ. ನಿಯಮ ಸರಳವಾದರೂ ಅದು ಗೊತ್ತಿದ್ದವರು ಕಡಿಮೆ. ಹರಕೆ, ಬೇರುಕಷಾಯ, ಊರೂರ ದೇವಸ್ಥಾನ ಎಲ್ಲ ಮುಗಿಸಿ ಎಂಟು ವರ್ಷಕ್ಕೆ ಬಂದವರಿದ್ದರು. ಮದುವೆಯಾಗಿ ಮೂರೇ ತಿಂಗಳಿಗೆ ಅಳುತ್ತ ಬಂದವರೂ ಇದ್ದರು. ಪಟ್ಟಿ ಬಂದ ಮೇಲೆ ಈ ತೊಳಲಾಟ ನಿಂತಿತು. ಮದುವೆ ಮನೆಗಳಲ್ಲಿ "ವಿಶೇಷ ಏನರ ಅದ?" ಎಂದು ಸೊಸೆಯಂದಿರ ಹೊಟ್ಟೆ ನೋಡುತ್ತಿದ್ದವರು ಈಗ "ಕರೆ ಏನೂ ಬಂದಿಲ್ಲಲ್ಲ?" ಎಂದು ಕೇಳಿ, ಇಲ್ಲವೆಂದರೆ ಸಮಾಧಾನದಿಂದ ಹೋಳಿಗೆಗೆ ಕೈ ಹಾಕುತ್ತಿದ್ದರು. ಕರೆಯಿಲ್ಲದೆ ಬಂದವರನ್ನು ಆಸ್ಪತ್ರೆಗಳೂ ನೋಡದೆ ಕಳಿಸತೊಡಗಿದವು.

ನನ್ನ ಪಾಲಿನ ಕೆಲಸ ಲೆಕ್ಕದ್ದು. ಹಾಸ್ಟೆಲಿನ ಸ್ವಯಂಸೇವಕಿಯರ ಮೇಲೆ ಪ್ರಯೋಗಿಸಿದಾಗ ನೂರಕ್ಕೆ ತೊಂಬತ್ತನಾಲ್ಕು ಸಲ ಸರಿ ಬಂದ ಲೆಕ್ಕ ಊರ ಮನೆಗಳಿಗೆ ಹೋದ ಕೂಡಲೆ ಅರವತ್ತೊಂದಕ್ಕೆ ಇಳಿಯಿತು. ಒಲೆಯ ಕಾವು, ಕರೆಂಟು ಹೋದ ರಾತ್ರಿಯ ಬೆವರು, ಮಗ್ಗುಲಲ್ಲಿ ಮಲಗಿದ ಅಕ್ಕನ ಮಗು, ಎಲ್ಲವೂ ಉಷ್ಣತೆಯನ್ನು ಕೆಡಿಸುತ್ತಿದ್ದವು. ಅದರ ಮೇಲೆ, ಸಾವಿರಾರು ಪಟ್ಟಿಗಳು ತಿಂಗಳಿಗೆ ಮೂರು ದಿನ ಏನನ್ನೂ ಕಳಿಸುತ್ತಿರಲಿಲ್ಲ. ಹೊರಗಿನಿಂದ ಬಂದ ಎಂಜಿನಿಯರುಗಳು ಬ್ಯಾಟರಿಯನ್ನು ಅನುಮಾನಿಸಿದರು. ಎರಡು ವಾರ ಬ್ಯಾಟರಿ ಬಿಚ್ಚಿ ಕುಳಿತರು.

ನನಗೆ ನಗು ಬಂತು. ನಮ್ಮ ಮನೆಯಲ್ಲಿ, ನಮ್ಮಂಥ ಅದೆಷ್ಟೋ ಮನೆಗಳಲ್ಲಿ ಮುಟ್ಟಾದವರು ಈಗಲೂ ಮೂರು ದಿನ ಹೊರಗೆ ಕೂರುತ್ತಾರೆ. ಅಡಿಗೆ ಮನೆಗೂ ದೇವರ ಮನೆಗೂ ಹೋಗುವುದಿಲ್ಲ. ನಾಲ್ಕನೆಯ ದಿನ ಉಟ್ಟದ್ದು ಹಾಸಿದ್ದೆಲ್ಲ ನೀರಿಗೆ ಬೀಳಬೇಕು. ಪಟ್ಟಿಯನ್ನು ನೀರಿಗೆ ಹಾಕುವಂತಿಲ್ಲ. ಆದ್ದರಿಂದ ಮೊದಲ ದಿನವೇ ಅದನ್ನು ಬಿಚ್ಚಿ ಗೂಡಿನಲ್ಲಿಡುತ್ತಾರೆ. ಅಷ್ಟೇ ಸಂಗತಿ.

ಸಭೆಯಲ್ಲಿ ನಾನು ಇದನ್ನು ಹೇಳಿ, ಮುಂದಿನ ಹೆಜ್ಜೆಯನ್ನೂ ಹೇಳಿದೆ. ಪಟ್ಟಿ ಮೂರು ದಿನ ಸುಮ್ಮನಾದರೆ ಅದನ್ನು ಕಳೆದುಹೋದ ಮಾಹಿತಿ ಎನ್ನುವುದೇಕೆ? ಮುಟ್ಟು ಬಂದಿತು ಎಂಬುದಕ್ಕೆ ಅದೇ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ. ಒಲೆಯ ಕಾವು ಅದನ್ನು ಕೆಡಿಸಲಾರದು. ಹತ್ತರಲ್ಲಿ ಎಂಟು ಪಾಲು ತೂಕವನ್ನು ಈ ಮೌನಕ್ಕೆ ಕೊಟ್ಟು, ಉಳಿದ ಎರಡು ಪಾಲನ್ನು ಉಷ್ಣತೆಗೆ ಬಿಟ್ಟೆ. ಲೆಕ್ಕ ನೂರಕ್ಕೆ ತೊಂಬತ್ತಮೂರಕ್ಕೆ ಏರಿತು.

"ಮೇಡಂ, ಇದನ್ನ ಪುಸ್ತಕ ಓದಿದವರು ಯಾರೂ ಹೇಳ್ತಿರಲಿಲ್ಲ" ಎಂದರು ನಮ್ಮ ನಿರ್ದೇಶಕ ಹಾವನೂರ ಸರ್. ಬ್ಯಾಟರಿ ಬಿಚ್ಚಿದ ಹುಡುಗರು ಚಪ್ಪಾಳೆ ತಟ್ಟಿದರು. ಮಾರನೆಯ ವರ್ಷ ಆಸ್ಪತ್ರೆಗಳಲ್ಲಿ ನೂಕುನುಗ್ಗಲಾಯಿತೆಂದು, ಚಕ್ರ ಕ್ರಮವಾಗಿರುವ ಚಿಕ್ಕ ವಯಸ್ಸಿನವರಿಗೆ ಒಂದು ವರ್ಷದ ಕಾಯುವಿಕೆಯನ್ನು ಎರಡು ವರ್ಷಕ್ಕೆ ಏರಿಸಿದರು. ಮೊದಲ ವರ್ಷ ಆಗದವರಲ್ಲಿ ಅರ್ಧದಷ್ಟು ಮಂದಿಗೆ ಎರಡನೆಯ ವರ್ಷದಲ್ಲಿ ತಾನಾಗಿಯೇ ಆಗುತ್ತದೆ ಎಂಬುದು ಸುಳ್ಳಲ್ಲ. ಆ ಕಡತದಲ್ಲೂ ನನ್ನ ಸಹಿ ಇದೆ.

೨೦೪೦ರ ಏಪ್ರಿಲ್‌ನ ಒಂದು ಭಾನುವಾರ ನಾನು ಮಾಳಮಡ್ಡಿಯ ಅವ್ವನ ಮನೆಗೆ ಹೋಗಿದ್ದೆ. ನಾನಿರುವುದು ಕೇಂದ್ರದ ವಸತಿಯಲ್ಲಿ. ಅವ್ವ, ತಮ್ಮ, ಪ್ರಣತಿ ಮೂವರೂ ಆ ಮನೆಯಲ್ಲಿ. ವಾದಿರಾಜನದು ಸುಭಾಸ ರಸ್ತೆಯಲ್ಲಿ ಕನ್ನಡಕದ ಅಂಗಡಿ. ಪ್ರಣತಿ ಕಣ್ಣು ತಪಾಸಣೆ ಓದಿದವಳು. ನಂಬರು ನೋಡುವವಳು ಅವಳು, ಫ್ರೇಮು ಮಾರುವವನು ಅವನು.

ಅಂದು ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದರು. ಅವ್ವ ಹಿಟ್ಟಿನ ಪಾತ್ರೆ ಹಿಡಿದು ನೆರಳಿನಲ್ಲಿ ಕುಳಿತಿದ್ದಳು. ಪ್ರಣತಿ ಧೋತರದ ಮೇಲೆ ಸಾಲಾಗಿ ಇಡುತ್ತಿದ್ದಳು, ನಾನು ಜೊತೆಗೆ ಕೈ ಹಾಕಿದ್ದೆ. ವಾದಿರಾಜ ಒಂದು ಹಳೆಯ ಛತ್ರಿ ಹಿಡಿದು ಕಾಗೆ ಓಡಿಸುವ ನೆಪದಲ್ಲಿ ನಿಂತಿದ್ದ.

"ಅಕ್ಕ, ಸಂಡಿಗಿ ಯಾವಾಗ ಒಣಗತಾವ ಅಂತನೂ ನಿನ್ನ ಕಂಪ್ಯೂಟರ್ ಕರೆ ಕಳಸತದೇನು?"

"ನೀ ಕಾಗಿ ಕಾಯಿ ಮೊದಲ" ಎಂದಳು ಅವ್ವ. "ಮಾತಿಗೆ ಸಂಡಿಗಿ ಒಣಗಂಗಿಲ್ಲ."

ಅವನು ಅತ್ತ ಹೋದಾಗ ಪ್ರಣತಿ ತಲೆ ಬಗ್ಗಿಸಿಕೊಂಡೇ ಕೇಳಿದಳು. "ಅಕ್ಕಾ, ಕರೆ ಬರೋ ಮೊದಲ ಡಾಕ್ಟರ್ ಕಡೆ ಹೋದ್ರ ನಡೀತದೇನ್ರಿ?"

"ಯಾಕ, ಏನಾತು?"

"ಏನಿಲ್ಲ. ವರ್ಷ ಆಗ್ಲಿಕ್ಕೆ ಬಂತಲ್ಲ, ಅದಕ್ಕ ಕೇಳಿದೆ."

ನಾನು ಹಿಟ್ಟಿನ ಕೈ ಒರೆಸಿಕೊಂಡು ಫೋನ್ ತೆಗೆದೆ. ಅವಳ ದಾಖಲೆ ನೋಡಲು ಅವಳೇ ನನಗೆ ಒಪ್ಪಿಗೆ ಕೊಟ್ಟಿದ್ದಳು. ಮೊದಲ ಮೂರು ಚಕ್ರಗಳು ಕಲಿಕೆಯ ಅವಧಿ, ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಮೇಲಿನ ಎಂಟು ಚಕ್ರಗಳ ಮುಂದೆ ಹಸಿರು ಬಣ್ಣದಲ್ಲಿ ಒಂದೇ ಅಂಕಿ ಇತ್ತು.

"ನೋಡಿಲ್ಲೆ. ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೆಂಟು. ಇಷ್ಟು ಛಂದ ರೆಕಾರ್ಡ್ ಇಡೀ ಜಿಲ್ಲಾದಾಗ ಇನ್ನೊಂದಿಲ್ಲ. ನಿನಗಿನ್ನಾ ಮೂವತ್ತೆರಡು ತುಂಬಿಲ್ಲ. ಎರಡು ವರ್ಷ ಟೈಮ್ ಅದ, ಆರಾಮ ಇರು."

ಅವಳು ಕನ್ನಡಕ ಏರಿಸಿಕೊಂಡು ಪರದೆಯನ್ನು ನೋಡಿದಳು. ನಾನು ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. "ಹೌದ್ರಿ? ಎಲ್ಲಾ ಸರಿ ಅದ ಅಂತ ಅದನ ಹೇಳ್ತದೇನ್ರಿ?"

"ಅದು ಹೇಳಿದ್ದನ್ನ ಸುಳ್ಳು ಮಾಡೋ ಡಾಕ್ಟರ್ ಇನ್ನಾ ಹುಟ್ಟಿಲ್ಲ" ಎಂದೆ.

"ಛಂದ ಇರಲಾರದ ಏನು" ಎಂದಳು ಅವ್ವ ನೆರಳಿನಿಂದ, ಹೆಮ್ಮೆಯಲ್ಲೇ. "ನಮ್ಮನಿ ಸೊಸಿ ಗಡಿಯಾರ ಇದ್ದಂಗ."

ಪ್ರಣತಿ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಆ ದಿನವನ್ನು ನಾನು ಈಗ ಎಷ್ಟು ಸಲ ನೆನೆದಿದ್ದೇನೋ ಲೆಕ್ಕವಿಲ್ಲ. ನಾನು ಕೇಳಬಹುದಾಗಿದ್ದದ್ದು ಒಂದೇ ಪ್ರಶ್ನೆ. ಹಿಂದಿನ ಕಾಲದ ಯಾವ ಡಾಕ್ಟರಾದರೂ, ಊರ ಸೂಲಗಿತ್ತಿಯಾದರೂ ಮೊದಲು ಕೇಳುತ್ತಿದ್ದ ಪ್ರಶ್ನೆ: ಮುಟ್ಟು ಸರಿಯಾಗಿ ಬರುತ್ತದೆಯೇನು? ನಾನು ಕೇಳಲಿಲ್ಲ. ಉತ್ತರ ನನ್ನ ಕೈಯಲ್ಲೇ ಇತ್ತಲ್ಲ.

ಫೆಬ್ರುವರಿಯ ಆ ಮಂಗಳವಾರ, ಡಾಕ್ಟರ್ ಜುಬೇದಾ ಅವರ ಫೋನನ್ನು ಹಾಗೇ ಹಿಡಿದುಕೊಂಡು ದಾಖಲೆ ತೆರೆದೆ. ಈಗ ಎಂಟಲ್ಲ, ಹದಿನೆಂಟು ಚಕ್ರಗಳು. ಹದಿನೆಂಟೂ ಇಪ್ಪತ್ತೆಂಟು.

ಸಂಖ್ಯಾಶಾಸ್ತ್ರದ ಮೊದಲ ವರ್ಷದಲ್ಲೇ ಕಲಿಸುತ್ತಾರೆ: ಜೀವ ಇರುವ ಯಾವುದೂ ಅಳತೆಯಲ್ಲಿ ಒಂದೇ ಸಮ ಬರುವುದಿಲ್ಲ. ಆರೋಗ್ಯವಂತ ಹೆಂಗಸಿನ ಚಕ್ರವೂ ಎರಡು ಮೂರು ದಿನ ಹಿಂದೆ ಮುಂದೆ ಆಗಿಯೇ ಆಗುತ್ತದೆ. ಹದಿನೆಂಟು ಸಲ ಒಂದೇ ಅಂಕಿ ಬಂದರೆ ಅದನ್ನು ಹಸಿರು ಬಣ್ಣದಲ್ಲಿ ತೋರಿಸುವುದಲ್ಲ, ಗಂಟೆ ಬಾರಿಸಬೇಕು. ನಾನು ಬರೆದ ಲೆಕ್ಕ ಚಕ್ರದಿಂದ ಚಕ್ರಕ್ಕೆ ದಿನಗಳ ವ್ಯತ್ಯಾಸ ಹೆಚ್ಚಾದರೆ ಮಾತ್ರ ಎಚ್ಚರಿಸುತ್ತಿತ್ತು. ವ್ಯತ್ಯಾಸ ಸೊನ್ನೆಯಾದರೆ ಅದಕ್ಕೆ ಹೆಚ್ಚಿನ ಅಂಕ ಕೊಡುತ್ತಿತ್ತು.

ಮೌನದ ತೂಕವನ್ನು ತೆಗೆದುಹಾಕಿ, ಉಷ್ಣತೆಯೊಂದನ್ನೇ ಇಟ್ಟು ಗೆರೆ ಎಳೆಯಲು ಹೇಳಿದೆ. ಕಂಪ್ಯೂಟರಿಗೆ ಅದಕ್ಕೆ ಹಿಡಿದದ್ದು ನಾಲ್ಕು ಸೆಕೆಂಡು. ಮೊದಲ ಆರು ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಏರಿಕೆ, ಅದೂ ಅಡ್ಡಾದಿಡ್ಡಿ ಅಂತರದಲ್ಲಿ. ಸಂಡಿಗೆ ಇಟ್ಟ ಏಪ್ರಿಲ್‌ನಲ್ಲಿ ಒಂದು. ಆಗಸ್ಟಿನಲ್ಲಿ ಇನ್ನೊಂದು, ಸಣ್ಣದು. ಆಮೇಲೆ ಗೆರೆ ಮಲಗಿಬಿಟ್ಟಿತ್ತು. ನಿಜ ಅಲ್ಲೇ ಇತ್ತು, ಹತ್ತರಲ್ಲಿ ಎರಡು ಪಾಲಿನ ಮೂಲೆಯಲ್ಲಿ.

"ರಕ್ತಾನ ಖರೇ ಅದ್ರಿ" ಎಂದೆ.

"ಹಂಗಾರ ಪಟ್ಟಿ ಸುಳ್ಳು?"

"ಪಟ್ಟಿ ಸುಳ್ಳಲ್ರಿ. ನಾ ಬರದ ಲೆಕ್ಕ ಸುಳ್ಳು."

ಪ್ರಣತಿ ತಮಗೆ ಸಿಕ್ಕಿದ್ದು ಹೇಗೆಂದು ಡಾಕ್ಟರು ಹೇಳಿದರು. ಜನವರಿಯಲ್ಲಿ ಹೊಸ ಕನ್ನಡಕಕ್ಕೆಂದು ಧಾರವಾಡದ ಅಂಗಡಿಗೆ ಹೋಗಿದ್ದರಂತೆ. ನಂಬರು ನೋಡುತ್ತಿದ್ದ ಹುಡುಗಿ ಆ ಚಳಿಯಲ್ಲೂ, ಮುಟ್ಟು ನಿಲ್ಲುವ ವಯಸ್ಸಿನವರ ಹಾಗೆ, ಬೆವರುತ್ತಿದ್ದಳು, ಅವಳ ಕನ್ನಡಕಕ್ಕೆ ಆವಿ ಕಟ್ಟುತ್ತಿತ್ತು, ಮೂರು ಸಲ ಒರೆಸಿಕೊಂಡಳು. "ನಾ ಕೇಳಿದ್ದು ಇಷ್ಟರೀ. ತಂಗಿ, ತಿಂಗಳ ತಿಂಗಳ ಸರಿಯಾಗಿ ಆಗ್ತೀಯೇನವಾ ಅಂತ. ಕೈಯಾಗಿನ ಗಾಜು ಕೆಳಗಿಟ್ಟು ಅಳಾಕ ಚಾಲೂ ಮಾಡಿದ್ಲು."

ಅವಳ ರಕ್ತದಲ್ಲಿ ಎ.ಎಂ.ಎಚ್. ಎಂಬ ಹಾರ್ಮೋನು ಎಷ್ಟಿತ್ತೆಂದು ಕೇಳಿದೆ. ಅಂಡಾಶಯದಲ್ಲಿ ಇನ್ನೆಷ್ಟು ಅಂಡಗಳು ಉಳಿದಿವೆ ಎಂಬುದನ್ನು ಅದು ಸೂಚಿಸುತ್ತದೆ. ಪ್ರಣತಿಯ ವಯಸ್ಸಿಗೆ ಎರಡೋ ಮೂರೋ ಇರಬೇಕು. ಸೊನ್ನೆ ದಶಮಾಂಶ ಒಂದು ಆರು ಎಂದರು. ಕೆಲವರಲ್ಲಿ ಹೀಗೆ ಮೂವತ್ತರ ಹೊತ್ತಿಗೇ ಬರಿದಾಗತೊಡಗುತ್ತದೆ. ಕಾರಣ ಗೊತ್ತಿಲ್ಲ. ತಡೆಯಲು ಬರುವುದಿಲ್ಲ. ಬೇಗ ಗೊತ್ತಾದರೆ ಉಳಿದದ್ದನ್ನು ಬಳಸಿಕೊಳ್ಳಬಹುದು, ಅಷ್ಟೇ.

ಮಧ್ಯಾಹ್ನ ಎರಡು ಗಂಟೆಗೆ ಅವ್ವನ ಮನೆಗೆ ಹೋದೆ. ಪ್ರಣತಿ ಊಟಕ್ಕೆ ಬಂದು ಪಡಸಾಲೆಯಲ್ಲಿ ಕುಳಿತಿದ್ದಳು. ಅವ್ವ ಹಿತ್ತಲಲ್ಲಿದ್ದಳು. ದಾಖಲೆಯ ಹಾಳೆಯನ್ನು ಅವಳ ಮುಂದಿಟ್ಟೆ. ನೋಡಿದಳು. ಡಾಕ್ಟರು ಫೋನ್ ಮಾಡಿದ್ದಾರೆಂದು ಹೇಳಬೇಕಾಗಲಿಲ್ಲ.

"ಈ ಹದಿನೆಂಟರಾಗ ಖರೇವು ಎಷ್ಟು?"

"ಒಂದು" ಎಂದಳು. "ಪಟ್ಟಿ ಕಟ್ಟಿದ ವರ್ಷ ದೀಪಾವಳಿ ಹತ್ತರ ಒಂದ್ಸಲ ತಾನ ಕೂಡಿಬಂದಿತ್ತು, ಇಪ್ಪತ್ತೆಂಟಕ್ಕ. ಆವತ್ತ ಎಷ್ಟ ಖುಷಿ ಆಗಿತ್ತು ಗೊತ್ತೇನ್ರಿ ನನಗ. ಇದೊಂದು ತಿಂಗಳಾದ್ರೂ ಯಾರಿಗೂ ಸುಳ್ಳು ಹೇಳಲಿಲ್ಲ ಅಂತ."

"ಯಾಕ ಹಿಂಗ ಮಾಡಿದಿ, ಪ್ರಣತಿ?"

ಅವಳು ಹಾಳೆಯನ್ನು ಎರಡಾಗಿ ಮಡಚಿದಳು. ಮಡಚಿದ್ದನ್ನು ಉಗುರಿನಿಂದ ತೀಡಿದಳು.

"ಮೂರನೇ ತಿಂಗಳ ಮೂವತ್ತೆಂಟಕ್ಕ ಹೋಗಿತ್ತಕ್ಕಾ. ಈ ಮನ್ಯಾಗ ಯಾರು ಹೊರಗಾಗ್ಯಾರ, ಯಾರು ಆಗಿಲ್ಲ ಅನ್ನೋದು ಮುಚ್ಚಿಡಲಿಕ್ಕೆ ಬರತದೇನ್ರಿ? ಐದು ದಿನ ತಡಾ ಆಗೂದ್ರಾಗ ಅತ್ಯಾ ಹಾಲಿಗೆ ಕೇಸರಿ ಹಾಕಿ ಕೊಡಲಿಕ್ಕೆ ಹತ್ತಿದ್ರು. ಏನೂ ಕೇಳಲಿಲ್ಲ, ಸುಮ್ಮನ ಕೊಟ್ರು. ಕೊಡಾ ಎತ್ತಗೊಡಲಿಲ್ಲ. ಎಂಟನೇ ದಿನ ಟ್ರಂಕಿನಾಗಿಂದ ಇವರು ಕೂಸಿದ್ದಾಗ ತಲಿಗೆ ಹಾಕತಿದ್ದ ಕುಂಚಗಿ ತಗದು ಬಿಸಲಿಗೆ ಹಾಕಿದ್ರು. ಹತ್ತನೇ ದಿನ ನಾ ಹೊರಗಾದೆ. ಅತ್ಯಾ ಒಂದ ಮಾತೂ ಅನ್ನಲಿಲ್ಲ. ಆ ಕುಂಚಗಿ ಝಾಡಿಸಿ, ಮಡಚಿ, ಒಳಗಿಟ್ರು. ಬೈದಿದ್ರ ತಡಕೋತಿದ್ದೆ. ಆ ಮಡಚೋದು ನೋಡಲಿಕ್ಕಾಗಲಿಲ್ರಿ ನನಗ."

"ಅದಕ್ಕ?"

"ಅದಕ್ಕ ಮುಂದಿನ ತಿಂಗಳ, ಆಗಲಿ ಬಿಡಲಿ, ಇಪ್ಪತ್ತೆಂಟಕ್ಕ ಹೊರಗ ಕೂತುಬಿಟ್ಟೆ. ಪಟ್ಟಿ ಜೋಡಿ ಕೊಟ್ಟ ಪುಸ್ತಕದಾಗ ಇಪ್ಪತ್ತೆಂಟು ಅಂತ ಇತ್ತಲ್ಲ."

ಆ ಪುಸ್ತಕ ಬರೆದವಳೂ ನಾನೇ.

"ಪಟ್ಟೀನರ ಕೈಯಾಗ ಇಟಗೋಬಹುದಿತ್ತಲ್ಲ."

"ಹೊರಗಾದವರು ಪಟ್ಟಿ ಕಟಗೊಂಡು ಕೂತದ್ದು ಎಲ್ಲ್ಯರ ನೋಡೀರೇನು? ಅತ್ಯಾಗ ಗೊತ್ತಾಗತಿತ್ತು."

"ಸಂಡಿಗಿ ಇಡೋವಾಗ ಕೇಳಿದ್ಯಲ್ಲ. ಆವಾಗರ ಹೇಳಬಾರದಿತ್ತೇನ, ತಂಗಿ?"

ಅವಳು ನನ್ನನ್ನು ನೋಡಿದಳು. ದೂರುವ ನೋಟವಲ್ಲ ಅದು. ದೂರಿದ್ದರೆ ಒಳ್ಳೆಯದಿತ್ತು.

"ಹೇಳಬೇಕು ಅಂತನ ಬಾಯಿ ತಗದಿದ್ದೆ. ನೀವು ತೋರಿಸಿದ್ರಿ, ಎಲ್ಲಾ ಹಸರು. ಆವಾಗ ನನಗೇನನಸ್ತು ಗೊತ್ತೇನ್ರಿ? ಹೊರಗ ಕೂಡೋದು ನನ್ನ ನಾಟಕ, ಅದು ಮನಿಯವರಿಗಷ್ಟ. ಮಶೀನು ಮೈಯೊಳಗಿಂದು ನೋಡತದ, ಅದಕ್ಕ ನನ್ನ ನಾಟಕ ಎಲ್ಲಾ ಗೊತ್ತದ. ಗೊತ್ತಿದ್ದೂ ಸರಿ ಅದ ಅಂತ ಹೇಳ್ತದಂದ್ರ ಖರೇನ ಸರಿ ಇರಬೇಕು ಅಂತ. ಆವತ್ತ ರಾತ್ರಿ ಎಷ್ಟೋ ದಿನದ ಮ್ಯಾಲ ಛಲೋ ನಿದ್ದಿ ಬಂತು."

ಅವಳು ಮುಂದುವರಿಸಿದಳು, ದನಿ ತಗ್ಗಿಸಿ. "ಖರೇ ಆದಾಗ ಅಡಿಗಿ ಮನ್ಯಾಗ ಓಡಾಡೀನಕ್ಕಾ. ದೇವರ ಮನ್ಯಾಗ ಹೂವಿನ ಬುಟ್ಟಿ ಇಟ್ಟೀನಿ. ಅದಕ್ಕ ಹಿಂಗಾತು ಅಂತ ಒಂದೊಂದ್ಸಲ..."

"ನಿನ್ನ ಹೂವಿನ ಬುಟ್ಟಿ ಎಣಿಸಿಕೋತ ಕೂಡಲಿಕ್ಕೆ ದೇವರಿಗೇನು ಬ್ಯಾರೆ ಕೆಲಸ ಇಲ್ಲೇನು?"

ಅವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಯಾವಾಗಿನಿಂದಲೋ. ಮಡಿ ಸೀರೆ ಮುಟ್ಟಿಸಿಕೊಳ್ಳದ ನನ್ನ ಅವ್ವ ಬಂದು ಪ್ರಣತಿಯ ಪಕ್ಕದಲ್ಲಿ, ಅವಳ ಎಂಜಲು ತಟ್ಟೆಯ ಹತ್ತಿರವೇ, ಗೋಡೆಗೆ ಒರಗಿ ಕುಳಿತಳು.

"ನನ್ನ ಮಾರಿ ನೋಡಿ ಹೆದರಿದ್ಯಾ?"

"ಹೆದರಲಿಲ್ರಿ, ಅತ್ಯಾ. ಸಂಕಟ ಆತು."

ಅವ್ವ ಬಹಳ ಹೊತ್ತು ತನ್ನ ಬಳೆಗಳನ್ನೇ ತಿರುವುತ್ತ ಇದ್ದಳು. "ನಾನರ ಬಾಯಿಬಿಟ್ಟು ಕೇಳಬೇಕಿತ್ತು" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಿನಗೂ ಬಾಯಿ ಇತ್ತಲ್ಲ, ಮಂದಾ."

ಮರುದಿನ ಕೇಂದ್ರದಲ್ಲಿ ಮೌನದ ತೂಕವನ್ನು ತೆಗೆದುಹಾಕಿದೆವು. ಆಮೇಲೆ ನಾನು ಮೂರು ಲಕ್ಷ ಹನ್ನೆರಡು ಸಾವಿರ ದಾಖಲೆಗಳಲ್ಲಿ ಆರು ಚಕ್ರಗಳಿಗಿಂತ ಹೆಚ್ಚು ಕಾಲ ಒಂದು ದಿನವೂ ಆಚೀಚೆ ಆಗದವುಗಳನ್ನು ಹುಡುಕಿದೆ. ಒಂದು ಸಾವಿರದ ಇನ್ನೂರ ಆರು ಸಿಕ್ಕವು. ಮಲಗಿದ ಗೆರೆಯವರು ಅದರಲ್ಲಿ ಮುನ್ನೂರ ನಲವತ್ತು. ಕೇಂದ್ರದ ಗೋಡೆಗೆ ಹಾಕಿದ್ದ ಜಿಲ್ಲೆಗಳ ನಕ್ಷೆಯಲ್ಲಿ ಅವರೆಲ್ಲ ಹಸಿರು ಚುಕ್ಕೆಗಳಾಗಿಯೇ ಇದ್ದರು.

"ಪತ್ರಿಕೆಯವರಿಗೆ ಏನಂತ ಹೇಳೋಣು?" ಎಂದರು ಹಾವನೂರ ಸರ್. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಲೆಕ್ಕ ತಪ್ಪಿತು ಅಂತ ಹೇಳೋಣ್ರಿ. ಮುಟ್ಟು ಏರುಪೇರು ಇದ್ದವರು ಕರೆ ಕಾಯೋದು ಬ್ಯಾಡ, ಇವತ್ತ ಡಾಕ್ಟರ್ ಕಡೆ ಹೋಗ್ರಿ ಅಂತ. ವರ್ಷ ಆದವರೂ ಹೋಗ್ರಿ ಅಂತ."

"ಮತ್ತ ಪಟ್ಟಿ ಯಾಕ ಬೇಕು ಅಂತ ಕೇಳತಾರ."

"ಕೇಳಲಿ ಬಿಡ್ರಿ."

ಸಾವಿರದ ಇನ್ನೂರ ಆರೂ ಜನರಿಗೆ ಸಂದೇಶ ಕಳಿಸಲಿಲ್ಲ. ಫೋನ್ ಮಾಡಿದೆವು. ನಾನು ಒಂದು ವಾರ ಅದನ್ನೇ ಮಾಡಿದೆ. ಸುಳ್ಳು ಕೂತವರೆಲ್ಲ ಸಂಕಟಕ್ಕೆ ಕೂತಿರಲಿಲ್ಲ. "ಮೂರು ದಿನ ಹನ್ನೊಂದು ಮಂದಿಗೆ ರೊಟ್ಟಿ ಬಡಿಯೋದು ತಪ್ಪತೈತಿ ನೋಡ್ರಿ ಅಕ್ಕಾರ, ಅದಕ್ಕ ದಿನಾ ಎಣಿಸಿ ಕುಂಡರತೇನಿ. ನಮ್ಮತ್ತಿಗೆ ಹೇಳಬ್ಯಾಡ್ರಿ ಮತ್ತ" ಎಂದು ಗದಗಿನ ಒಬ್ಬಾಕೆ ನಕ್ಕಳು. ಅವಳಿಗೆ ಏನೂ ತೊಂದರೆ ಇರಲಿಲ್ಲ. ಗಂಡ ಸಿಟ್ಟಾಗುತ್ತಾನೆಂದು ಕೂತವಳೊಬ್ಬಳು ಇದ್ದಳು, ತಾಯಿಯ ಸಮಾಧಾನಕ್ಕೆ ಕೂತವಳೊಬ್ಬಳು. ಫೋನಿನಲ್ಲಿ ನಾನು ಮೊದಲು ಕೇಳಿದ್ದು ಅದೇ ಪ್ರಶ್ನೆ. ಹೆಚ್ಚಿನವರು ಉತ್ತರ ಕೊಡುವ ಮೊದಲು ಸುಮ್ಮನಾಗುತ್ತಿದ್ದರು. ಹಿಂದೆ ಯಾರೂ ಕೇಳಿರಲಿಲ್ಲವೆಂದು ತೋರುತ್ತದೆ.

ಇಷ್ಟೆಲ್ಲ ಮಾಡಿದ್ದು ಪ್ರಣತಿಗೆ ಯಾವ ಪ್ರಯೋಜನಕ್ಕೂ ಬರುವಂತಿರಲಿಲ್ಲ. ಡಾಕ್ಟರ್ ಜುಬೇದಾ ಅವಳನ್ನೂ ವಾದಿರಾಜನನ್ನೂ ಕೂರಿಸಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ದಿನವೂ ಚುಚ್ಚುಮದ್ದು ಕೊಟ್ಟು, ಉಳಿದಿರುವ ಅಂಡಗಳಲ್ಲಿ ಒಂದನ್ನಾದರೂ ಬೆಳೆಸಲು ನೋಡಬಹುದು. ಬೆಳೆದರೆ ಹೊರತೆಗೆದು ಪ್ರಯೋಗಾಲಯದಲ್ಲಿ ಫಲಿಸಬಹುದು. ಒಂದು ಸಲ ಮಾತ್ರ ಪ್ರಯತ್ನಿಸುವುದರಲ್ಲಿ ಅರ್ಥವಿದೆ. ಆಗದಿದ್ದರೆ ಬೇರೆಯವರ ಅಂಡ ಪಡೆಯುವ ದಾರಿ ಇದೆ, ದತ್ತು ಇದೆ. ಅದನ್ನು ಆಮೇಲೆ ಮಾತಾಡೋಣ.

"ಹೋದ ವರ್ಷ ಏಪ್ರಿಲ್‌ದಾಗ ಬಂದಿದ್ರ?" ಎಂದು ನಾನು ಕೇಳಿದೆ. ಪ್ರಣತಿ ಆಗ ಹೊರಗೆ ಹೋಗಿದ್ದಳು.

ಡಾಕ್ಟರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದರು. "ಕೂಸು ಆಗತಿತ್ತು ಅಂತ ನಾ ಹೇಳಂಗಿಲ್ರಿ. ಹಂಗ ಯಾರೂ ಹೇಳಬಾರದು. ಆದ್ರ ಆವಾಗಿನ ನಿಮ್ಮ ಗೆರಿ ನೋಡಿದ್ರ ಐದಾರು ಅಂಡರ ಸಿಗತಿದ್ವು. ಕೈಯಾಗ ಏನರ ಇರತಿತ್ತು."

ಪ್ರಣತಿ ಚುಚ್ಚುಮದ್ದನ್ನು ತಾನೇ ಹಾಕಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ, ಹೊಕ್ಕಳ ಪಕ್ಕದಲ್ಲಿ. ವಾದಿರಾಜ ಸೂಜಿ ಕಂಡರೆ ಅತ್ತ ತಿರುಗುವವನು. ಆದರೂ ದಿನವೂ ಎದುರಿಗೆ ಕುಳಿತು, ಅಂಗಡಿಗೆ ಬಂದ ವಿಚಿತ್ರ ಗಿರಾಕಿಗಳ ಸುದ್ದಿ ಹೇಳುತ್ತಿದ್ದನಂತೆ. ಅವ್ವ ಔಷಧಿಯ ಡಬ್ಬಿಯನ್ನು ಫ್ರಿಜ್ಜಿನಲ್ಲಿ, ಮಡಿಯ ಮೊಸರಿನ ಪಕ್ಕದಲ್ಲೇ ಇಟ್ಟಳು. ಹಾಲಿಗೆ ಕೇಸರಿ ಹಾಕಲಿಲ್ಲ.

ಹತ್ತನೆಯ ದಿನದ ಸ್ಕ್ಯಾನ್ ಮಾರ್ಚ್ ಹದಿನಾಲ್ಕಕ್ಕೆ, ಗುರುವಾರ. ಒಳಗೆ ಒಬ್ಬರಿಗೆ ಮಾತ್ರ ಬಿಡುತ್ತಿದ್ದರು. ವಾದಿರಾಜ ಹೊರಗಿನ ಬೆಂಚಿನಿಂದ ಏಳಲಿಲ್ಲ. "ನೀ ಹೋಗಕ್ಕ. ನನಗ ಆ ಸ್ಕ್ರೀನಿನ ಮ್ಯಾಲಿಂದು ತಿಳಿಯಂಗಿಲ್ಲ" ಎಂದ.

ಕೋಣೆ ತಣ್ಣಗಿತ್ತು. ಪ್ರಣತಿ ಮಲಗಿದ್ದಳು, ಕನ್ನಡಕ ತೆಗೆದು ಎದೆಯ ಮೇಲೆ ಹಿಡಿದಿದ್ದಳು. ಡಾಕ್ಟರು ಮೊದಲೇ ಹೇಳಿದ್ದರು: ಅಂಡವಿರುವ ಚೀಲ ಇಷ್ಟು ಹೊತ್ತಿಗೆ ಹದಿನಾಲ್ಕು ಮಿಲಿಮೀಟರ್ ದಾಟಿರಬೇಕು, ಹದಿನೆಂಟಕ್ಕೆ ಬಂದರೆ ತೆಗೆಯಬಹುದು. ಹತ್ತು ಕೂಡ ಆಗಿರದಿದ್ದರೆ ಚುಚ್ಚುಮದ್ದು ನಿಲ್ಲಿಸುವುದು.

ಎಡಗಡೆ ನೋಡಿದರು. ಬೂದು ಬಣ್ಣ, ಅದರೊಳಗೆ ಏನೂ ಇಲ್ಲ. ನಿಧಾನವಾಗಿ ಬಲಗಡೆಗೆ ಬಂದರು. ಒಂದು ಕಪ್ಪು ಚುಕ್ಕೆ ಕಾಣಿಸಿತು. ಕೈ ನಿಲ್ಲಿಸಿ, ಈ ಅಂಚಿಗೊಂದು ಆ ಅಂಚಿಗೊಂದು ಗುರುತು ಇಟ್ಟು ಅಳೆದರು. ಗುರುತುಗಳನ್ನು ತೆಗೆದು ಇನ್ನೊಮ್ಮೆ ಅಳೆದರು. ಪರದೆಯ ಮೂಲೆಯಲ್ಲಿ ಅದೇ ಅಂಕಿ ಬಂತು. ಅವರು ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಪ್ರಣತಿ ನನ್ನ ಕೈ ಹಿಡಿದಳು.

"ಅಕ್ಕಾ, ನನಗ ಕಾಣಸೂದಿಲ್ಲ. ನೀವ ಹೇಳ್ರಿ, ಎಷ್ಟದ?"

ನಾನು ಪರದೆಯನ್ನು ನೋಡಿದೆ. ಸರಿಯಾಗಿ ಓದಿದೆನೇ ಎಂದು ಮತ್ತೊಮ್ಮೆ ನೋಡಿದೆ.

"ಐದೂವರೆ ಮಿಲಿಮೀಟರ್" ಎಂದೆ.